ಬನಶಂಕರಿಯ ಕಾಲುಂಗುರ

ಕಾಲುಂಗುರದ ಯೋಚನೆ ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ವಿಶಾಲಾಕ್ಷಿ ಹೊಸಮನಿ ತನ್ನ ತಪ್ಪನ್ನು ಬೇರೆಯವರ ತಲೆಗೆ ಕಟ್ಟಿದಳು ಅನ್ನಿಸಿಕೊಳ್ಳುವುದು ಬೇಡ.

2047ರ ಮಾತು. ಸುಡುಜ್ವರದ ಲಸಿಕೆ ನಮ್ಮ ಕಡೆಗೆ ಬಂದ ಹೊಸದರಲ್ಲಿ ಹೆಂಗಸರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಸೂಜಿ ಮಾಡಿಸಿಕೊಂಡ ಮೇಲೆ ಮುಟ್ಟು ಹಿಂದುಮುಂದಾಗಿದೆ. ಕೆಲವರಿಗೆ ವಾರ ತಡ, ಕೆಲವರಿಗೆ ಹೆಚ್ಚು ಸ್ರಾವ. ಲಸಿಕೆ ತಯಾರಿಸಿದವರ ಕಾಗದದಲ್ಲಿ ಜ್ವರಕ್ಕೆ, ತಲೆನೋವಿಗೆ, ತೋಳುನೋವಿಗೆ ಒಂದೊಂದು ಖಾನೆ ಇತ್ತು. ಮುಟ್ಟಿಗೆ ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಎಲ್ಲಿಂದ ಬರಬೇಕು? ದೊಡ್ಡವರು ಎಲ್ಲ ಭ್ರಮೆ ಅಂದರು. ಹೆಂಗಸರು ಎರಡನೇ ಸೂಜಿಗೆ ಬರುವುದನ್ನೇ ಬಿಟ್ಟರು, ಮತ್ತೆ ಜ್ವರಕ್ಕೆ ಜನ ಸಾಯತೊಡಗಿದರು.

ಬಾಗಲಕೋಟೆಯಲ್ಲಿ ನಾಡಿಮನೆ ಶುರುವಾದದ್ದು ಆಗ. ಹೆಸರು ಕೇಳಿ ಯಾವುದೋ ಪಂಡಿತರ ಮನೆ ಅಂದುಕೊಳ್ಳಬೇಡಿ. ಅದೊಂದು ನಿಗಾ ಕೊಠಡಿ: ಗೋಡೆ ತುಂಬ ಪರದೆ, ಹನ್ನೆರಡು ಜನ ಹೆಂಗಸರು, ಬಾಯಿಗಿಡಲಾಗದ ಚಹಾ. ಸೂಜಿ ಮಾಡಿಸಿಕೊಂಡ ಹೆಂಗಸರ ಮೈಯಲ್ಲಿ ಏನಾಗುತ್ತಿದೆ ಅಂತ ದಿನವೂ ನೋಡುವುದು ನಮ್ಮ ಕೆಲಸ. ಮೊದಲು ಕೈಗೆ ಪಟ್ಟಿ ಕೊಟ್ಟಿದ್ದರು. ರೊಟ್ಟಿ ಬಡಿಯುವಾಗ ತೆಗೆದಿಟ್ಟರು, ಪಾತ್ರೆ ತಿಕ್ಕುವಾಗ ತೆಗೆದಿಟ್ಟರು, ಹಿತ್ತಲ ಕಟ್ಟೆಯ ಮೇಲೆ ಮರೆತು ಬಂದರು. ನಾನು ಸಭೆಯಲ್ಲಿ ಎದ್ದು ನಿಂತು, ನಮ್ಮ ಹೆಂಗಸರು ಯಾವ ಕೆಲಸಕ್ಕೂ ತೆಗೆದಿಡದ ಒಡವೆ ಒಂದಿದೆ, ಅದರೊಳಗೆ ಯಂತ್ರ ಇಡಿ ಅಂದೆ. ಚಪ್ಪಾಳೆ ಬಿತ್ತು. ಸನ್ಮಾನವೂ ಆಯಿತು, ಶಾಲು ಇನ್ನೂ ಪೆಟ್ಟಿಗೆಯಲ್ಲಿದೆ.

ಯಂತ್ರ ಅಕ್ಕಿಕಾಳಿನಷ್ಟು. ಬೆರಳಿನೊಳಗೆ ಸಣ್ಣ ಬೆಳಕು ಹಾಯಿಸಿ ನಾಡಿ ಎಣಿಸುತ್ತದೆ, ರಕ್ತದಲ್ಲಿ ಕೆಂಪು, ಅಂದರೆ ಹಿಮೋಗ್ಲೋಬಿನ್, ಎಷ್ಟಿದೆ ಅಂತ ಅಳೆಯುತ್ತದೆ. ಮೈಬಿಸಿಯ ಏರಿಳಿತ ನೋಡಿ ಮುಟ್ಟು ಎಂದು ಬರಬೇಕು, ಎಂದು ಬಂತು ಅಂತ ತಿಳಿಯುತ್ತದೆ. ನಡೆದದ್ದು, ಕೂತದ್ದು, ಕಾಲು ಆಡಿಸಿದ್ದು ಎಲ್ಲ ಒಂದು ಗೆರೆಯಾಗಿ ನಮ್ಮ ಪರದೆಗೆ ಬರುತ್ತದೆ.

ನನ್ನ ಅಕ್ಕ ಸುಮಿತ್ರಾ ಮದುವೆಯಾಗದವಳು, ನಮ್ಮ ಮನೆಯಲ್ಲೇ ಇರುತ್ತಾಳೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಸನ್ಮಾನದ ದಿನ ಪೇಡೆ ಒಯ್ದು ಕೊಟ್ಟರೆ, ಒಂದನ್ನು ಬಾಯಿಗೆ ಹಾಕಿಕೊಂಡು ಕೇಳಿದಳು:

"ಲಗ್ನ ಆಗದವರಿಗೆ ಏನ ಹಾಕ್ತಿ?"

"ಅವರಿಗೆ ಮುಂದಿನ ಹಂತದಾಗ ಬ್ಯಾರೆ ಏನರ ಮಾಡ್ತೀವಿ."

"ಗಂಡ ಸತ್ತವರಿಗೆ?"

"ಅವರಿಗೂ ಅವಾಗನ."

"ಅಂದ್ರ ಇದು ಹೆಣ್ಣಮಕ್ಕಳ ಲೆಕ್ಕ ಅಲ್ಲ, ಹೆಂಡತ್ಯಾರ ಲೆಕ್ಕ," ಅಂದಳು.

ಮಾಸ್ತರಿಕಿ ಸಾಕು, ಪೇಡೆ ತಿನ್ನು ಅಂತ ನಕ್ಕೆ. ಮುಂದಿನ ಹಂತ ಇವತ್ತಿನವರೆಗೂ ಬಂದಿಲ್ಲ.

ಆದರೆ ಉಂಗುರ ಕೆಲಸ ಮಾಡಿತು, ಅದನ್ನೂ ಹೇಳಬೇಕು. ಎರಡು ಲಕ್ಷ ನಲವತ್ತು ಸಾವಿರ ಉಂಗುರ. ಹೆಂಗಸರು ಹೇಳಿದ್ದು ಭ್ರಮೆಯಲ್ಲ, ಸೂಜಿಯ ನಂತರ ಮುಟ್ಟು ನಿಜವಾಗಿಯೂ ಏರುಪೇರಾಗುತ್ತಿತ್ತು. ಆದರೆ ಸಣ್ಣದಾಗಿ, ಒಂದೆರಡು ತಿಂಗಳಲ್ಲಿ ತಾನೇ ಸರಿಹೋಗುತ್ತಿತ್ತು. ಅಂಕಿ ಹಿಡಿದು ಊರೂರಿಗೆ ಹೋಗಿ ಹೇಳಿದೆವು. ನಂಬಿದರು. ಎರಡನೇ ಸೂಜಿಗೆ ಸಾಲು ನಿಂತರು.

ತಾಪತ್ರಯ ಶುರುವಾದದ್ದು ದೀಪಗಳಿಂದ. ರಕ್ತ ಕಡಿಮೆಯಾದರೆ ಪರದೆಯ ಮೇಲೆ ಕೆಂಪು ದೀಪ, ಕೆಂಪು ಬಂದರೆ ಆಂಬುಲೆನ್ಸ್ ತಾನೇ ಹೊರಡಬೇಕು. ಮುಟ್ಟು ನಿಲ್ಲುವ ವಯಸ್ಸಿನವರಲ್ಲಿ ಸ್ರಾವ ಹೇಗೂ ಹಿಂದುಮುಂದು. ಅವರದ್ದೇ ಕೆಂಪು ದೀಪಗಳು ದಿನವಿಡೀ ಹತ್ತಿಕೊಂಡು, ಗಾಡಿಗಳು ಸುಮ್ಮನೆ ಹೋಗಿ ಬಂದವು. ಮೇಲಿನವರು ಬೈದರು. ನಾನು ಕೂತು ಒಂದು ನಿಯಮ ಬರೆದೆ: ನಲವತ್ತೈದು ದಾಟಿದವರಿಗೆ, ಸೂಜಿಯಾಗಿ ಎರಡು ತಿಂಗಳ ತನಕ, ಕೆಂಪಿನ ಬದಲು ಹಳದಿ. ಹಳದಿ ಬಂದರೆ ಗಾಡಿ ಇಲ್ಲ, ದಿನಾ ಬೆಳಿಗ್ಗೆ ಒಂದು ಸಂದೇಶ. "ಗಾಬರಿಯಾಗಬೇಡಿ. ಲಸಿಕೆಯ ನಂತರ ಹೀಗಾಗುವುದು ಸಹಜ. ತಾನೇ ಸರಿಹೋಗುತ್ತದೆ." ಆ ಮೂರು ವಾಕ್ಯವೂ ನನ್ನವೇ.

ನಮ್ಮಲ್ಲಿ ಫೋನು ಮಾಡಿ ವಿಚಾರಿಸುವವಳು ಫರ್ಜಾನಾ, ಹದಿನೈದು ವರ್ಷ ನರ್ಸ್ ಆಗಿದ್ದವಳು. ನಿಯಮ ಓದಿ ಮುಖ ಗಂಟಿಕ್ಕಿದಳು.

"ನಲವತ್ತೈದರ ಮ್ಯಾಲಿನವರದು ರಕ್ತ ಅಲ್ಲೇನ್ರಿ ಮೇಡಮ್?"

"ಎಲ್ಲಾದಕ್ಕೂ ನಿಂದೊಂದು ಕೊಂಕು," ಅಂದೆ ನಾನು.

ಆ ಶುಕ್ರವಾರ ಬೆಳಿಗ್ಗೆ ಹತ್ತೂವರೆ. ವಾರಕ್ಕೊಮ್ಮೆ ಹಳದಿ ಪಟ್ಟಿಯಿಂದ ಹತ್ತು ಹೆಸರು ಆರಿಸಿ ಫೋನು ಮಾಡುವ ರೂಢಿ, ನಾನು ಪಕ್ಕದಲ್ಲಿ ಕೂತು ಕೇಳುವುದು. ನಾಲ್ಕನೆಯ ಹೆಸರು ಬನಶಂಕರಿ ರಂಜಣಗಿ, ನಲವತ್ತಾರು ವರ್ಷ, ಗುಳೇದಗುಡ್ಡ. ನೇಕಾರ ಮನೆತನ. ಹನ್ನೊಂದು ದಿನದಿಂದ ಹಳದಿ. ರಕ್ತದ ಅಳತೆ ಹನ್ನೊಂದರಿಂದ ಇಳಿಯುತ್ತಾ ಇಳಿಯುತ್ತಾ ಆರಕ್ಕೆ ಬಂದಿತ್ತು. ಕೂತಲ್ಲಿ ನಾಡಿ ನೂರಾ ಇಪ್ಪತ್ತೆಂಟು. ಬೇಗ ಫೋನು ಹಚ್ಚು ಅಂದೆ ಫರ್ಜಾನಾಗೆ.

"ಅಕ್ಕಾರ, ನಾಡಿಮನಿಯಿಂದ ಫರ್ಜಾನಾ ಮಾತಾಡಾಕತ್ತೇನ್ರಿ. ಹೆಂಗದೀರಿ?"

"ಆರಾಮ ಅದೀನಿ ನೋಡ್ರಿ."

"ಸುಸ್ತು, ತಲಿ ತಿರುಗೂದು ಏನರ ಐತೇನ್ರಿ?"

"ಇಲ್ರಿ." ಸ್ವಲ್ಪ ತಡೆದು, ದನಿ ತಗ್ಗಿಸಿ, "ಹಂಗ ಸುಸ್ತಾದವ್ರಿಗೆ ತಿನ್ನಾಕ ಏನ ಕೊಡಬೇಕ್ರಿ?"

"ಯಾರಿಗ್ರಿ?"

"ನನಗ ರೀ."

ಮಾತಿನ ಹಿಂದೆ ಒಂದು ಸದ್ದು ಬರುತ್ತಿತ್ತು. ನಾನು ಇಳಕಲ್ಲಿನ ನೇಕಾರರ ಓಣಿಯಲ್ಲಿ ಬೆಳೆದವಳು, ನಿದ್ದೆಯಲ್ಲಿ ಕೇಳಿದರೂ ಗುರುತು ಹಿಡಿಯುತ್ತೇನೆ. ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕಾಲಡಿಯ ಮರದ ಹಲಗೆಗಳನ್ನು ಒಮ್ಮೆ ಎಡಗಾಲಿನಲ್ಲಿ ಒಮ್ಮೆ ಬಲಗಾಲಿನಲ್ಲಿ ತುಳಿಯಬೇಕು. ತುಳಿಯದೆ ಲಾಳಿ ಓಡುವುದಿಲ್ಲ. ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯಲು ಇನ್ನೂ ಐವತ್ತು ಕುಣಿಮಗ್ಗ ಉಳಿದಿದ್ದರೆ ಹೆಚ್ಚು.

"ಮಗ್ಗದ ಮ್ಯಾಲೆ ಅದೀರೇನ್ರಿ?" ಫರ್ಜಾನಾ ಕೇಳಿದಳು.

"ಹೌದ್ರಿ, ಫೋನು ಕಿವ್ಯಾಗ ಸಿಗಿಸಿಕೊಂಡೇನಿ. ಮನ್ಯಾಗ ಮಗಳ ಲಗ್ನ ಐತಿ, ಬೀಗರಿಗೆ ಕೊಡೂ ಖಣ ಮುಗಸಬೇಕು."

ನಾನು ಪರದೆ ನೋಡಿದೆ. ಕಾಲಿನ ಗೆರೆ ನೇರವಾಗಿತ್ತು. ಉಂಗುರ ಹಾಕಿದ ಕಾಲು ಬೆಳಗಿನಿಂದ ಅಲುಗಿಯೇ ಇರಲಿಲ್ಲ. ಫೋನಿನಲ್ಲಿ ಮಗ್ಗ ಖಟಪಟ ಅನ್ನುತ್ತಲೇ ಇತ್ತು.

ಉಂಗುರ ಕೆಟ್ಟಿದೆ ಅಂದುಕೊಂಡೆ ಮೊದಲು. ಕೆಟ್ಟಿದ್ದರೆ ನಾಡಿ ಹೇಗೆ ಬರುತ್ತದೆ? ಹಳೆಯ ಗೆರೆ ತೆಗೆಸಿದೆ. ಹನ್ನೆರಡು ದಿನದ ಹಿಂದಿನವರೆಗೂ ದಿನಕ್ಕೆ ಎಂಟು ಗಂಟೆ ಮಗ್ಗ ತುಳಿದ ಕಾಲು. ಆಮೇಲೆ ಒಂದು ಸಂಜೆಯಿಂದ ಮಲಗಿದ ಕಾಲು. ಮಗ್ಗದ ಮೇಲೆ ಕೂತಿರುವವಳು ಬನಶಂಕರಿಯಾದರೆ, ಆರಕ್ಕೆ ಇಳಿದ ಈ ರಕ್ತ ಯಾರದು? ಫರ್ಜಾನಾಳ ಮೈಕು ಕಿತ್ತುಕೊಂಡೆ.

"ಬನಶಂಕರಿಯವರ, ನಿಮ್ಮ ಕಾಲುಂಗುರ ಎಲ್ಲೈತ್ರಿ?"

ಮಗ್ಗ ನಿಂತಿತು.

"ಕಾಲಾಗ ಐತ್ರಿ. ಇನ್ನೆಲ್ಲಿರತೈತಿ?"

ಹಿಂದಿನಿಂದ ಮುದುಕಿಯೊಬ್ಬಳ ದನಿ ಕೇಳಿಸಿತು, ಯಾರದು ಫೋನು ಅಂತ. "ಯಾರಿಲ್ಲ ಅತ್ತಿ, ನೂಲಿನವರು," ಅಂದಳು ಬನಶಂಕರಿ. ಫೋನು ಕಟ್ಟಾಯಿತು. ಮತ್ತೆ ನಾಲ್ಕು ಸಲ ಮಾಡಿದರೂ ಬಂದ್ ಇತ್ತು.

ಆ ಮನೆಯ ದಾಖಲೆ ತೆಗೆದೆ. ಗಂಡ, ಅತ್ತೆ, ಮಗಳು. ಅಂಕಿತಾ, ಹತ್ತೊಂಬತ್ತು ವರ್ಷ, ಅವಿವಾಹಿತೆ. ಎರಡನೇ ಸೂಜಿ ಆಗಿ ಮೂರು ವಾರ. ಉಂಗುರ ಅನ್ನುವ ಖಾನೆಯಲ್ಲಿ "ಅನ್ವಯಿಸುವುದಿಲ್ಲ" ಅಂತ ಬರೆದಿತ್ತು. ಅದನ್ನೂ ನಾವೇ ಬರೆದದ್ದು.

ಹಳದಿ ಹೆಸರಿಗೆ ಗಾಡಿ ಕಳಿಸಲು ಬರುವುದಿಲ್ಲ, ಯಂತ್ರ ಒಪ್ಪುವುದಿಲ್ಲ. ನಾನು ಬನಶಂಕರಿಯ ವಯಸ್ಸಿನ ಖಾನೆಯಲ್ಲಿ ನಲವತ್ತಾರು ಅಳಿಸಿ ಹತ್ತೊಂಬತ್ತು ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಪರದೆ ಕೆಂಪಾಯಿತು. ಕೆಳಗೆ ಸಣ್ಣ ಅಕ್ಷರ: ಹನ್ನೊಂದು ದಿನದಿಂದ ತುರ್ತು. ಹನ್ನೊಂದು ದಿನ ಬೆಳಿಗ್ಗೆ ಹನ್ನೊಂದು ಸಲ ನಾನು ಅವರಿಗೆ ಗಾಬರಿಯಾಗಬೇಡಿ ಅಂತ ಹೇಳಿದ್ದೆ.

"ಮೇಡಮ್, ದಾಖಲೆ ತಿದ್ದಿದ್ರ ನೌಕರಿ ಹೋದೀತ್ರಿ," ಅಂದಳು ಫರ್ಜಾನಾ, ಹೇಳುತ್ತಲೇ ಚೀಲ ಹೆಗಲಿಗೆ ಹಾಕಿಕೊಂಡು.

"ಹೋಗ್ಲಿ ಬಿಡವಾ. ನಡಿ."

ಆಂಬುಲೆನ್ಸ್ ದೂರದಲ್ಲಿತ್ತು, ಮುಕ್ಕಾಲು ಗಂಟೆ ಅಂದರು. ನಾವು ಕಚೇರಿಯ ಜೀಪು ಹತ್ತಿದೆವು. ನಾನೇ ಓಡಿಸಿದೆ. ಫರ್ಜಾನಾ ಕೈಪರದೆ ತೊಡೆಯ ಮೇಲಿಟ್ಟುಕೊಂಡು ನಾಡಿ ಓದುತ್ತಾ ಬಂದಳು. ನೂರಾ ಮೂವತ್ತೆರಡು. ನೂರಾ ಮೂವತ್ತೆಂಟು. ನೂರಾ ನಲವತ್ತು. ಒಂದೊಂದು ಅಂಕಿಗೂ ನಾನು ಜೀಪಿನ ವೇಗ ಹೆಚ್ಚಿಸಿದೆ. ಅರ್ಧ ದಾರಿಯಲ್ಲಿ ಅವಳು ಓದುವುದನ್ನು ನಿಲ್ಲಿಸಿದಳು.

"ಏನಾತು?"

"ಗೆರಿ ಹೋತ್ರಿ."

"ಹೋತು ಅಂದ್ರ?"

"ಇಲ್ಲ ರೀ. ಏನೂ ಬರವಲ್ತು."

ಜೀಪು ರಸ್ತೆ ಬಿಟ್ಟು ಕೆಳಗಿಳಿಯಿತು, ಹೇಗೋ ಮೇಲೆ ತಂದೆ. ನಾನು ಕಣ್ಣಾರೆ ಕಾಣದ ಹುಡುಗಿಯೊಬ್ಬಳು ನನ್ನ ನಿಯಮದ ಕೆಳಗೆ ಸತ್ತಳು ಅಂತಲೇ ತಿಳಿದೆ. ಮೂರು ನಿಮಿಷ ಹಾಗೇ ಹೋಯಿತು. ಆಮೇಲೆ ಪರದೆ ಕುಂಯ್ ಅಂದಿತು. ಫರ್ಜಾನಾ ಅದನ್ನು ನನ್ನ ಕಡೆ ತಿರುಗಿಸಿದಳು. ನಾಡಿ ಎಂಬತ್ತು. ರಕ್ತ ಹನ್ನೊಂದು. ದೀಪ ಹಸಿರು.

ನಾಡಿಮನೆಯಿಂದ ಫೋನು ಬಂತು. "ಮೇಡಮ್, ಎಲ್ಲಾ ಸರಿಹೋತ್ರಿ. ಹಸಿರು ಬಂತು. ಯಂತ್ರ ಆಂಬುಲೆನ್ಸನ್ನ ವಾಪಸ್ ಕರಸಿಕೊಂತು. ನೀವೂ ಬಂದ್ಬಿಡ್ರಿ."

ನಾನು ಜನ್ಮದಲ್ಲಿ ಕೆಂಪು ದೀಪಕ್ಕೆ ಅಷ್ಟು ಹೆದರಿರಲಿಲ್ಲ. ನಮ್ಮ ಫೋನಿಗೆ ಅಂಜಿ ಬನಶಂಕರಿ ಉಂಗುರವನ್ನು ತನ್ನ ಕಾಲಿಗೇ ಮರಳಿ ಹಾಕಿಕೊಂಡಿದ್ದಳು. ಈಗ ಆ ಹುಡುಗಿಯನ್ನು ನೋಡುವವರು ಲೋಕದಲ್ಲಿ ಯಾರೂ ಇರಲಿಲ್ಲ. ಗಾಡಿಯೂ ಇರಲಿಲ್ಲ.

ಮನೆ ಸಣ್ಣ ಸಂದಿಯಲ್ಲಿ. ಬಾಗಿಲಲ್ಲೇ ಅತ್ತೆ ನಿಂತಿದ್ದಳು, ಎಪ್ಪತ್ತರ ಮೇಲಿನ ಮುದುಕಿ, ಚೌಕಟ್ಟಿಗೆ ಕೈ ಕೊಟ್ಟುಕೊಂಡು.

"ನಮ್ಮ ಮನ್ಯಾಗ ಯಾರಿಗೂ ಏನೂ ಆಗಿಲ್ಲ. ಹೋಗ್ರಿ."

"ಅಂಕಿತಾ ಎಲ್ಲದಾಳ್ರಿ ಆಯಿ?" ಫರ್ಜಾನಾ ಕೇಳಿದಳು.

"ಹೊರಗಾಗ್ಯಾಳ. ಹಿಂದಿನ ಖೋಲ್ಯಾಗ ಮಲಗ್ಯಾಳ. ಹೆಣ್ಣಮಕ್ಕಳು ಹೊರಗಾಗೂದು ಏನು ಹೊಸಾದಲ್ಲ. ನನಗೂ ಹದಿನೈದು ಹದಿನೈದು ದಿನ ಹೋಗತಿತ್ತು, ನಮ್ಮ ಅವ್ವಗೂ ಹಂಗ. ಸತ್ತೇವೇನ?"

ಫರ್ಜಾನಾ ನನ್ನ ಮುಖ ನೋಡಿದಳು. ಅಜ್ಜಿಗೂ, ಅಜ್ಜಿಯ ಅವ್ವನಿಗೂ. ಆ ಮಾತಿನಲ್ಲೇ ಅವಳಿಗೆ ರೋಗ ಗೊತ್ತಾಯಿತು ಅಂತ ಆಮೇಲೆ ಹೇಳಿದಳು. ಆ ಹೊತ್ತಿಗೆ ಮಗ್ಗದ ಕುಣಿಯ ಪಕ್ಕದಲ್ಲಿ ನಿಂತಿದ್ದ ಬನಶಂಕರಿ ಅತ್ತೆಯ ಕೈ ಚೌಕಟ್ಟಿನಿಂದ ಬಿಡಿಸಿದಳು. ನಮ್ಮ ಮುಂದೆ ನಡೆದಳು.

ಹಿಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಹುಡುಗಿ ಕೌದಿ ಹೊದ್ದು ಮಲಗಿದ್ದಳು. ತುಟಿಗೂ ಹಣೆಗೂ ಒಂದೇ ಬಣ್ಣ. ಫರ್ಜಾನಾ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದಳು, ಸುಣ್ಣದ ಹಾಗೆ ಬೆಳ್ಳಗಿತ್ತು. ಕೌದಿ ಎತ್ತಿದಾಗ ಚಾಪೆ ಒದ್ದೆ. ಎಡಗಾಲಿನ ಬೆರಳಿಗೆ ಹಸಿರು ರೇಷ್ಮೆಯ ಎಳೆ ಸುತ್ತಿತ್ತು. ಅವ್ವನ ದೊಡ್ಡ ಉಂಗುರ ಜಾರಬಾರದೆಂದು ಕಟ್ಟಿದ ಎಳೆ, ಈಗಷ್ಟೇ ಕತ್ತರಿಸಿದ್ದು.

ಹಿಂದೆ ಬಂದು ನಿಂತ ಮುದುಕಿ ಅದನ್ನು ನೋಡಿದಳು. ಸೊಸೆಯ ಕಾಲು ನೋಡಿದಳು. "ಲಗ್ನ ಆಗದ ಹುಡುಗಿ ಕಾಲಿಗೆ ಹಾಕಿದ್ದೇನ ಅದನ್ನ," ಅಂತ ಕೇಳಿದಳು. ದನಿಯಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು.

"ಹಾಕೀನಿ," ಅಂದಳು ಬನಶಂಕರಿ. ಆಮೇಲೆ ನನಗೆ: "ದವಾಖಾನಿಗೆ ಕರಕೊಂಡು ಹೋದ್ರ ಓಣಿ ಏನಂತೈತ್ರಿ? ಬೀಗರು ಇದ ಊರವರು. ಹುಡುಗಿಗೆ ಏನೋ ಐತಿ ಅಂತ ಮಾತು ಹುಟ್ಟಿದ್ರ ಲಗ್ನ ಮುರದೀತು. ಉಂಗುರ ಹಾಕಿದ್ರ ನಿಮಗ ಕಾಣತೈತಿ, ಬ್ಯಾನಿ ಇದ್ರ ನೀವ ಹೇಳತೀರಿ ಅಂತ ಮಾಡಿದೆ."

ಹುಡುಗಿಯನ್ನು ಕೌದಿಯ ಮೇಲೆ ಮಲಗಿಸಿ, ಅದರ ನಾಲ್ಕು ಮೂಲೆ ನಾಲ್ವರು ಹಿಡಿದೆವು. ನಾಲ್ಕನೆಯವಳು ಆ ಮುದುಕಿ. ಸಂದಿಯ ಬಾಗಿಲುಗಳಲ್ಲೆಲ್ಲ ಜನ ನಿಂತು ನೋಡುತ್ತಿದ್ದರು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು, ತಲೆ ತಗ್ಗಿಸಿ, ಮೊಮ್ಮಗಳನ್ನು ಹೊತ್ತು ನಡೆದಳು.

ಜೀಪಿನ ಹಿಂದಿನ ಸೀಟಿನಲ್ಲಿ ಫರ್ಜಾನಾ ಹುಡುಗಿಯ ಕಾಲುಗಳನ್ನು ಎತ್ತಿ ಹಿಡಿದು ಕೂತಳು. ಬನಶಂಕರಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವಳ ಸ್ವಂತ ಕಾಲಿನ ಉಂಗುರ ಪರದೆಯ ಮೇಲೆ ಹಸಿರು ತೋರಿಸುತ್ತಲೇ ಇತ್ತು. ಫರ್ಜಾನಾ ಆ ಕೈಪರದೆಯನ್ನು ಬೋರಲು ಮಾಡಿ, ಹುಡುಗಿಯ ಮಣಿಕಟ್ಟಿಗೆ ಎರಡು ಬೆರಳಿಟ್ಟು ಬಾಯಲ್ಲೇ ಎಣಿಸುತ್ತಾ ಬಂದಳು. ಅವಳ ಎಣಿಕೆ ನಿಂತಾಗಲೆಲ್ಲ ನಾನು ಹಿಂದೆ ತಿರುಗಿ ನೋಡುತ್ತಿದ್ದೆ, ಮುಂದೆ ನೋಡ್ರಿ ಮೇಡಮ್ ಅಂತ ಬೈಸಿಕೊಳ್ಳುತ್ತಿದ್ದೆ. ಬಾಗಲಕೋಟೆ ಹತ್ತಿರ ಬಂದಾಗ ಹುಡುಗಿ ಕಣ್ಣು ತೆರೆದು, "ಅವ್ವ, ಕತ್ತಲ ಯಾಕಾತು," ಅಂತ ಕೇಳಿದಳು. ಹೊರಗೆ ಹನ್ನೆರಡು ಗಂಟೆಯ ಬಿಸಿಲಿತ್ತು.

ಬದುಕಿದಳು. ಐದು ಬಾಟಲಿ ರಕ್ತ ಕೊಡಬೇಕಾಯಿತು. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟ ಅಂದರು ಡಾಕ್ಟರು. ರಕ್ತ ಬೇಗ ಹೆಪ್ಪುಗಟ್ಟದ ಹುಟ್ಟುದೋಷ, ಅಪ್ಪನ ಕಡೆಯಿಂದ ಬಂದದ್ದು, ಅಜ್ಜಿಗೂ ಇರಬೇಕು. ಮೈನೆರೆದಾಗಿನಿಂದ ಪ್ರತಿ ತಿಂಗಳೂ ಹತ್ತು ದಿನ ಹೋಗುತ್ತಿತ್ತಂತೆ, ಅದು ಹೆಚ್ಚು ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳನ್ನು ಯಾರೂ ಕೇಳಿರಲಿಲ್ಲ. ಸೂಜಿ ಈ ಸಲದ ಮುಟ್ಟನ್ನು ಒಂದಿಷ್ಟು ಮುಂದೆ ತಳ್ಳಿರಬಹುದು, ಅಷ್ಟೇ. ಉಳಿದದ್ದನ್ನು ನಾವು ಮಾಡಿದೆವು.

ವಾರ್ಡಿನ ಹೊರಗೆ ಬನಶಂಕರಿ ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಫೋನು ತೆಗೆದು ತೋರಿಸಿದಳು. ಹನ್ನೊಂದು ಬೆಳಿಗ್ಗೆ, ಹನ್ನೊಂದು ಸಂದೇಶ, ಒಂದರ ಕೆಳಗೊಂದು.

"ದಿನಾ ಇದನ್ನ ಅಕಿಗೆ ಓದಿ ಹೇಳತಿದ್ದೆ ರೀ. ಗಾಬರಿ ಆಗಬ್ಯಾಡ ಅಂದಾರ ನೋಡು, ಅಂತ. ಇದನ್ನ ಬರದವರು ಯಾರ್ರಿ?"

"ನಾನ," ಅಂದೆ.

ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಎದ್ದು ಒಳಗೆ ಮಗಳ ಹತ್ತಿರ ಹೋದಳು. ಲಗ್ನದ ಮಾತು ಏನಾಯಿತೋ ನನಗೆ ಗೊತ್ತಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಮಾರನೆಯ ದಿನ ಮೇಲಿನವರು ಕರೆಯುವ ಮೊದಲೇ ನಾಡಿಮನೆಗೆ ಹೋದೆ. ನಿಯಮ ಅಳಿಸಿದೆ. ಆಮೇಲೆ ರಾತ್ರಿಯಿಡೀ ನಿದ್ದೆ ಕೊಡದ ಒಂದು ಪ್ರಶ್ನೆಯನ್ನು ಯಂತ್ರಕ್ಕೆ ಹಾಕಿದೆ: ನಡಿಗೆ, ನಾಡಿ, ಮೈಬಿಸಿ ಮೂರೂ ಒಂದೇ ದಿನ ಬದಲಾದ ಉಂಗುರ ಎಷ್ಟಿವೆ? ಒಂದೋ ಎರಡೋ ಬರಲಿ ಅಂತ ದೇವರನ್ನು ಬೇಡಿಕೊಂಡೆ. ಬನಶಂಕರಿಯಂಥ ತಾಯಿ ಒಬ್ಬಳೇ ಇರಲಿ ಅಂತ.

ಪಟ್ಟಿ ಬರತೊಡಗಿತು. ಒಂದು ಪರದೆ ತುಂಬಿತು, ಎರಡನೆಯದಕ್ಕೆ ಹೋಯಿತು, ಮೂರನೆಯದಕ್ಕೆ. ಮುನ್ನೂರಾ ಹದಿನೆಂಟು. ಅರ್ಧಕ್ಕಿಂತ ಹೆಚ್ಚು ನಲವತ್ತೈದು ದಾಟಿದವರ ಹೆಸರಿನಲ್ಲಿ. ಗಂಟೆ ಎಂಟಾಗಿತ್ತು, ಆ ದಿನದ ಸಂದೇಶ ಏಳಕ್ಕೇ ಎಲ್ಲರಿಗೂ ಹೋಗಿಯಾಗಿತ್ತು.

ಫರ್ಜಾನಾ ಕುರ್ಚಿ ಎಳೆದುಕೊಂಡು ಕೂತಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಮೈಕು ಹಾಕಿಕೊಂಡರು. ನಾನು ಪಟ್ಟಿಯ ಮೊದಲ ಹೆಸರಿಗೆ ಫೋನು ಮಾಡಿದೆ. ಎತ್ತಿದವಳು ಯಾರೋ ಒಲೆಯ ಮುಂದೆ ಇದ್ದಳು, ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

"ಅಕ್ಕಾರ, ನಾಡಿಮನಿಯಿಂದ ಮಾತಾಡಾಕತ್ತೇನ್ರಿ. ನಿಮಗ ಯಾರೂ ಏನೂ ಅನ್ನೂದಿಲ್ಲ, ಖರೇ ಹೇಳ್ರಿ. ನಿಮ್ಮ ಕಾಲುಂಗುರ ಈಗ ಯಾರ ಕಾಲಾಗ ಐತಿ?"

ರೊಟ್ಟಿ ಬಡಿಯುವುದು ನಿಂತಿತು. ಆಮೇಲೆ ಎಲ್ಲೋ ಬಾಗಿಲು ಮುಚ್ಚಿದ ಸದ್ದು, ಬಾಯಿ ಫೋನಿಗೆ ಹತ್ತಿರ ಬಂದ ಉಸಿರು.

"ನಮ್ಮ ಹುಡುಗಿ ಕಾಲಾಗ," ಅಂದಳು. "ಎಬ್ಬಿಸಾಕತ್ತೇನ್ರಿ ಆಗಿನಿಂದ. ಏಳವಲ್ಲಳು."